ಗೋಡೆಯೊಳಗಿನ ಗಂಟು

"ಮರಳುಗಲ್ಲಿನಲ್ಲಿ ಮೂರು ಬಗೆ," ಎಂದಿತು ಕಿವಿಯೊಳಗೆ ಮೇಷ್ಟ್ರ ದನಿ. ಅವಳ ಬೆರಳುಗಳು ಅದನ್ನು ಬರೆದವು. ಮೊದಲನೆಯ ಬಗೆ ಬಂತು. ಬೆರಳುಗಳು ಹಿಂಬಾಲಿಸಿದವು. ಎರಡನೆಯದೂ ಬಂತು, ಮೂರನೆಯದೂ ಬಂತು. ಆದರೆ ಪರದೆಯ ಮೇಲೆ ಅವಳ ಅಕ್ಷರಗಳು 'ಮೊದಲ' ಎಂಬಲ್ಲೇ ನಿಂತುಬಿಟ್ಟಿದ್ದವು. ಮೂಲೆಯಲ್ಲಿ ಪುಟ್ಟ ಚಕ್ರವೊಂದು ಸುತ್ತುತ್ತಿತ್ತು.

ಅವಳು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮೇಷ್ಟ್ರು ಮುಂದೆ ಹೋಗಿಬಿಡುತ್ತಾರೆ. ದೂರದ ಕಾಲೇಜಿನ ತರಗತಿಯಲ್ಲಿ ಕಿವಿ ಕೇಳಿಸದ ಒಬ್ಬ ವಿದ್ಯಾರ್ಥಿನಿ ತನ್ನ ಮುಂದಿನ ಪರದೆಯನ್ನೇ ನೋಡುತ್ತ ಕುಳಿತಿರುತ್ತಾಳೆ. ಮೇಷ್ಟ್ರು ಆಡಿದ್ದನ್ನು ಇವಳು ಮನೆಯಲ್ಲಿ ಕುಳಿತು ಕೇಳಿಸಿಕೊಂಡು, ಅದೇ ಗಳಿಗೆಗೆ ಅಕ್ಷರಕ್ಕಿಳಿಸಿದರೆ ಅವಳಿಗೆ ಪಾಠ. ಇಲ್ಲದಿದ್ದರೆ ಅವಳ ಪಾಲಿಗೆ ಮೇಷ್ಟ್ರು ಬರೀ ಬಾಯಿ ಆಡಿಸುವ ಗೊಂಬೆ.

ನಲವತ್ತು ಸೆಕೆಂಡು. ಆಮೇಲೆ ಅಕ್ಷರಗಳೆಲ್ಲ ಮೂಟೆ ಬಿಚ್ಚಿದ ಹಾಗೆ ಒಮ್ಮೆಲೇ ಸುರಿದವು. ಕೂಡಲೇ ಕೆಳಗೆ ವಿದ್ಯಾರ್ಥಿನಿಯ ಸಾಲು ಮೂಡಿತು: 'ಎಲ್ಲಿದ್ದೀರಿ? ಅವರೆಲ್ಲ ನಗುತ್ತಿದ್ದಾರೆ. ಯಾಕೆ?'

ಉತ್ತರ ಬರೆದಳು. ಅದೂ ನಿಂತಿತು.

ಪಾಠ ಮುಗಿಯುವಷ್ಟರಲ್ಲಿ ಹನ್ನೊಂದು ಸಲ ಹೀಗಾಯಿತು. ಕೊನೆಯಲ್ಲಿ ಮೇಲ್ವಿಚಾರಕಿಯ ಪತ್ರ ಬಂತು. ನಮಸ್ಕಾರವಿಲ್ಲ, ಸಹಿಯಿಲ್ಲ. 'ಈ ತಿಂಗಳು ಇದು ಏಳನೆಯ ದಿನ. ಶುಕ್ರವಾರ ಹನ್ನೊಂದಕ್ಕೆ ಅವಳ ಮೌಖಿಕ ಪರೀಕ್ಷೆ. ಪ್ರಶ್ನೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಅವಳು ನಪಾಸು. ಅಂದು ಒಂದೇ ಸಲ ನಿಂತರೂ ನಿಮ್ಮ ಜಾಗಕ್ಕೆ ಬೇರೆಯವರು.'

ಅಂದು ಮಂಗಳವಾರ.

ಅವಳು ಇಯರ್‌ಫೋನು ತೆಗೆದಿಟ್ಟು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಬರೆದುಕೊಂಡಳು. ದಿನ, ಹೊತ್ತು, ಎಷ್ಟು ಸಲ. ಮೂರು ತಿಂಗಳಿಂದ ಬರೆಯುತ್ತಿದ್ದಳು. ಒಂದಂತೂ ಸ್ಪಷ್ಟವಾಗಿತ್ತು — ನಿಲ್ಲುವುದೆಲ್ಲ ಬೆಳಗಿನ ಹತ್ತರಿಂದ ಒಂದರೊಳಗೆ. ಸಂಜೆ ಎಂದೂ ಇಲ್ಲ. ಭಾನುವಾರ ಎಂದೂ ಇಲ್ಲ. ಮುಕ್ಕಾಲು ನಿಮಿಷವೋ ಎರಡು ನಿಮಿಷವೋ ನಿಲ್ಲುತ್ತದೆ, ಅರೆ ನಿಮಿಷ ಸರಿಹೋಗುತ್ತದೆ, ಮತ್ತೆ ನಿಲ್ಲುತ್ತದೆ. ಯಾರೋ ಬೇಕೆಂದೇ ಕುತ್ತಿಗೆ ಹಿಚುಕಿ, ಉಸಿರು ಬಿಟ್ಟು, ಮತ್ತೆ ಹಿಚುಕಿದ ಹಾಗೆ.

"ಮತ್ತೆ ನಿಂತ್ತಾ?" ಅಡುಗೆಮನೆಯಿಂದ ಅತ್ತೆಯ ದನಿ.

"ನಿಂತ್ತು."

"ಆ ಕಡೆಯೋಳು ಕದೀತಾಳೆ ಕಣೇ. ಗೋಡೆಗೂ ಕಿವಿ ಇರುತ್ತೆ ಅಂತಾರೆ. ಈ ಗೋಡೆಗೆ ಕೈನೂ ಇದೆ."

ಈ ಗೋಡೆ ಎದ್ದು ಒಂದು ವರ್ಷವಾಗಿತ್ತು. ಅದಕ್ಕೂ ಮುಂಚೆ ಮನೆ ಒಂದೇ, ಬಾಗಿಲು ಒಂದೇ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ನಡುಮನೆಯ ಮಧ್ಯಕ್ಕೆ ಇಟ್ಟಿಗೆ ಏರಿತು. ಪಾತ್ರೆ, ಮಂಚ, ಕುರ್ಚಿ ಎಲ್ಲ ಎರಡು ಪಾಲಾಯಿತು. ಇದ್ದದ್ದು ಒಂದೇ ದೊಡ್ಡ ಕಂಬಳಿ. ಯಾರಿಗೆ ಎಂದು ಗಂಡುಮಕ್ಕಳು ಜಗಳಕ್ಕೆ ನಿಂತಾಗ ಅತ್ತೆ ತಾವೇ ಕತ್ತರಿ ತಂದು, ಗೇಣು ಹಾಕಿ ಅಳೆದು, ಅದನ್ನು ಎರಡು ತುಂಡು ಮಾಡಿ ಇಬ್ಬರ ಮುಖದ ಮೇಲೂ ಒಂದೊಂದು ಎಸೆದಿದ್ದರು. ಅತ್ತೆ ಕಿರಿಯ ಮಗನ, ಎಂದರೆ ಇವಳ ಗಂಡನ, ಕಡೆ ಉಳಿದರು. ಆ ಹೊಸಿಲು ತುಳಿದರೆ ಈ ಹೊಸಿಲು ಮರೆತುಬಿಡು ಎಂದು ಕಿರಿಯ ಮಗ ಅವರಿಗೆ ಹೇಳಿದ್ದ. ಓರಗಿತ್ತಿಯರಿಬ್ಬರೂ ಅಂದಿನಿಂದ ಎದುರಾದರೆ ಬೀದಿಯ ಬೇರೆ ಬೇರೆ ಅಂಚು ಹಿಡಿದು ನಡೆಯುತ್ತಿದ್ದರು.

ಸಂಜೆ ಗಂಡ ಬಂದ. ವಿದ್ಯುತ್ ಸಾಮಾನಿನ ಅಂಗಡಿ ಅವನದು. ವಿಷಯ ಕೇಳಿ, ಚಪ್ಪಲಿಯನ್ನೂ ಬಿಡದೆ ಮೊಬೈಲು ತೆಗೆದು ವೇಗ ಅಳೆದು ಅವಳ ಮೂಗಿಗೆ ಹಿಡಿದ.

"ಎಂಬತ್ತು ಬರ್ತಿದೆ. ನೋಡು. ಕಣ್ಣಿದೆ ತಾನೆ?"

"ಈಗ ಬರುತ್ತೆ. ಬೆಳಿಗ್ಗೆ ನಿಲ್ಲುತ್ತೆ."

"ಬೆಳಿಗ್ಗೆಗೊಂದು ಇಂಟರ್ನೆಟ್ಟು, ಸಂಜೆಗೊಂದು ಇಂಟರ್ನೆಟ್ಟಾ? ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ."

"ಕಂಪನಿಯವರನ್ನ ಇನ್ನೊಂದು ಸಲ ಕರೆಸಿ."

"ಮೂರು ಸಲ ಬಂದ್ರು. ಮೂರು ಸಲಾನೂ ಎಲ್ಲ ಸರಿ ಇದೆ ಅಂದ್ರು. ನಾಲ್ಕನೇ ಸಲ ಕರೆದ್ರೆ ನನ್ನ ಮುಖಕ್ಕೇ ನಗ್ತಾರೆ. ಬಿಟ್ಬಿಡು. ದುಡಿ ಅಂತ ನಿನ್ನ ಕಾಲು ಹಿಡಿದೋರು ಯಾರು?" ಆಮೇಲೆ ಗೋಡೆಗೆ ಮುಖ ತಿರುಗಿಸಿ, ಆ ಕಡೆ ಕೇಳಲಿ ಎಂದೇ ಕೂಗಿದ: "ನಮ್ಮ ಲೈನಿಗೆ ಕೈ ಹಾಕಿದೋರ ಕೈ ಸೇದಿ ಹೋಗ್ಲಿ!"

ಗೋಡೆಯಾಚೆ ಯಾರೋ ಪಾತ್ರೆಯನ್ನು ನೆಲಕ್ಕೆ ಕುಕ್ಕಿದರು.

ಅವಳು ಮಾಡದೆ ಬಿಟ್ಟದ್ದು ಏನೂ ಉಳಿದಿರಲಿಲ್ಲ. ಪಾಸ್‌ವರ್ಡು ಎರಡು ಸಲ ಬದಲಿಸಿದ್ದಳು. ವೈಫೈ ಬಿಟ್ಟು, ಇಂಟರ್ನೆಟ್ಟಿನ ಡಬ್ಬಿಯಿಂದ ನೇರ ವೈರು ಎಳೆದುಕೊಂಡಿದ್ದಳು. ಗೆಳತಿಯ ಕಂಪ್ಯೂಟರು ತಂದು ನೋಡಿದ್ದಳು. ಆದರೂ ನಿಂತಿತ್ತು. ಹಾಗಾದರೆ ಓರಗಿತ್ತಿ ಕದಿಯುವುದಾದರೂ ಹೇಗೆ? ಅದೂ ಬೆಳಿಗ್ಗೆ ಮಾತ್ರ, ಎರಡೆರಡು ನಿಮಿಷ?

ಬುಧವಾರ ಗಂಡ ಒಂಬತ್ತಕ್ಕೆ ಹೊರಟ. ಒಂಬತ್ತೂ ಐದಕ್ಕೆ ಅವಳೇ ಕಂಪನಿಗೆ ಫೋನು ಮಾಡಿದಳು.

ಬಂದವಳು ಒಬ್ಬ ಹೆಂಗಸು. ನಲವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಮಡಚುವ ಏಣಿ, ಸೊಂಟದಲ್ಲಿ ಸ್ಕ್ರೂಡ್ರೈವರುಗಳ ಪಟ್ಟಿ. ಕಂಪನಿಯವರು ಫೋನಿನಲ್ಲಿ, 'ಏಣಿಯಮ್ಮನ್ನ ಕಳಿಸ್ತೀವಿ, ಅವರ ಕೈಲಿ ಆಗದಿದ್ದರೆ ಯಾರ ಕೈಲೂ ಆಗಲ್ಲ' ಎಂದಿದ್ದರು. ಏಣಿಯಮ್ಮ ಒಳಗೆ ಬರುತ್ತಲೇ ಹುಬ್ಬು ಗಂಟಿಕ್ಕಿದಳು.

"ನಾಲ್ಕನೇ ಕಂಪ್ಲೇಂಟು ನಿಮ್ದೇನಾ? ಮೂರು ಜನ ಬಂದು 'ಸರಿ ಇದೆ' ಅಂತ ಬರೆದು ಹೋಗಿದಾರೆ. ಮೂವರೂ ದಡ್ಡರೋ, ನೀವೊಬ್ಬರು ಸುಳ್ಳೋ?"

"ನೀವೇ ನೋಡಿ ಹೇಳಿ."

"ನೋಡೋದು ಆಮೇಲೆ. ಮೊದಲು ಕೇಳ್ತೀನಿ. ಏನಾಗುತ್ತೆ?"

"ಮೇಷ್ಟ್ರು ಹೇಳಿದ್ದನ್ನ ಕೇಳ್ಕೊಂಡು ಬರೆದು ಕಳಿಸೋ ಕೆಲಸ ನಂದು. ಬೆಳಿಗ್ಗೆ ಹತ್ತಾದ್ಮೇಲೆ ನಿಧಾನ ಆಗುತ್ತೆ."

"ಊರೆಲ್ಲ ನಿಧಾನ ಅಂತಾನೇ ಹೇಳೋದು. ಏನು ನಿಧಾನ? ನಿಂತಾಗ ಆ ಮೇಷ್ಟ್ರ ದನಿ ಕಡಿದು ಹೋಗುತ್ತಾ?"

ಅವಳು ನೆನಪು ಮಾಡಿಕೊಂಡಳು. ನಿನ್ನೆಯ ಮರಳುಗಲ್ಲು. ಮೂರೂ ಬಗೆ ಕಿವಿಗೆ ಬಂದಿದ್ದವು. ಮೊನ್ನೆಯೂ ಬಂದಿದ್ದವು. ಎಂದೂ ಕಡಿದಿರಲಿಲ್ಲ.

"ಇಲ್ಲ. ಅವರು ಹೇಳೋದು ಬರ್ತಾನೇ ಇರುತ್ತೆ. ನಾನು ಬರೆದದ್ದು ಹೋಗಲ್ಲ."

ಏಣಿಯಮ್ಮ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು.

"ಇದನ್ನ ಆ ಮೂವರಿಗೂ ಹೇಳಿದ್ರಾ?"

"ಅವರು ಕೇಳ್ಲಿಲ್ಲ. ಮೊಬೈಲಲ್ಲಿ ವೇಗ ನೋಡಿದ್ರು. ಎಂಬತ್ತು ಅಂದ್ರು. ಹೋದ್ರು."

"ಕತ್ತೆಗಳು! ಆ ಎಂಬತ್ತು ಬರೋ ದಾರೀದು," ಎಂದಳು ಏಣಿಯಮ್ಮ. ಡಬ್ಬಿಯ ಹಿಂದಿನ ಕೇಬಲ್ಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ವೈರು ಒಂದೇ. ಒಳಗೆ ದಾರಿ ಎರಡು. ಬರೋದು ಹೆದ್ದಾರಿ, ಹೋಗೋದು ಕಾಲುದಾರಿ. ಬರೋದು ಕೆಟ್ರೆ ನಾನು ಹೊರಗೆ ಕಂಬ ಹತ್ತೀನಿ. ಹೋಗೋದು ಮಾತ್ರ ಕೆಟ್ರೆ ಎಲ್ಲಿಗೂ ಹತ್ತಲ್ಲ. ಕಸ ಮನೆಯೊಳಗಿಂದಲೇ ಬೀಳ್ತಿರುತ್ತೆ."

"ಎಂಥ ಕಸ?"

"ಮೋಟಾರು, ಹಳೇ ಟ್ಯೂಬ್‌ಲೈಟು, ಏನಾದ್ರೂ. ಕರೆಂಟಿನ ಸದ್ದು ಅದು. ಕಿವಿಗೆ ಕೇಳಿಸಲ್ಲ, ಇದಕ್ಕೆ ಕೇಳಿಸುತ್ತೆ." ಅಂಗೈಯಗಲದ ಮೀಟರೊಂದನ್ನು ತೆಗೆದು ಕೇಬಲ್ಲಿಗೆ ಸಿಕ್ಕಿಸಿದಳು. ಅದರ ಪರದೆಯಲ್ಲಿ ಗೆರೆಯೊಂದು ನೆಲಕ್ಕಂಟಿ ಮಲಗಿತ್ತು. "ಇನ್ನು ಕಾಯೋದು. ನಿಮ್ಮ ಭೂತ ಹತ್ತಕ್ಕೆ ಬರುತ್ತೆ ಅಂದ್ರಲ್ಲ, ಬರ್ಲಿ."

ಇಬ್ಬರೂ ಕಾದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ನಿಂತರು. ಕಾಫಿ ಬೇಕಾ ಎಂದು ಒಂದು ಮಾತು ಕೇಳಲಿಲ್ಲ.

ಹತ್ತೂ ಹತ್ತಕ್ಕೆ ಮಲಗಿದ್ದ ಗೆರೆ ಎದ್ದು ನಿಂತಿತು. ಮುಳ್ಳುಹಂದಿಯ ಬೆನ್ನಿನ ಹಾಗೆ.

"ಬಂತು!" ಎಂದಳು ಏಣಿಯಮ್ಮ.

ಆ ಹೊತ್ತಿನಲ್ಲಿ ಯಾವಾಗಲೂ ಇಯರ್‌ಫೋನು ಹಾಕಿರುತ್ತಿದ್ದ ಅವಳ ಕಿವಿ, ಪಾಠವಿಲ್ಲದ ಆ ದಿನ ಬರಿದಾಗಿತ್ತು. ಗೋಡೆಯೊಳಗಿಂದ ಒಂದು ಸದ್ದು ಬರುತ್ತಿತ್ತು. ಟರ್‌ರ್‌ರ್... ನಿಂತಿತು. ಗೆರೆ ಮಲಗಿತು. ಟರ್‌ರ್‌ರ್‌ರ್... ಗೆರೆ ಎದ್ದಿತು.

"ಅದೇನು ಸದ್ದು?" ಏಣಿಯಮ್ಮ ಕೇಳಿದಳು.

"ಯಾವ ಸದ್ದು?" ಉತ್ತರ ಕೊಟ್ಟದ್ದು ಅತ್ತೆ. "ನಂಗೇನೂ ಕೇಳಿಸ್ತಿಲ್ಲ."

ಸೊಸೆ ತಲೆಯೆತ್ತಿ ನೋಡಿದಳು. ಅತ್ತೆಯ ಬೆರಳು ಸೊಪ್ಪಿನ ಮೇಲೆ ನಿಂತುಬಿಟ್ಟಿತ್ತು.

"ನಾನು ಆ ಕಡೆ ಹೋಗಿ ಬರ್ತೀನಿ," ಎಂದಳು ಅವಳು.

"ಎಲ್ಲಿಗೆ?! ನಿನ್ನ ಗಂಡ ಬಂದ್ರೆ ನಾನು ಏನು ಹೇಳ್ಲಿ?"

"ಏನೂ ಕೇಳಿಸ್ಲಿಲ್ಲ ಅನ್ನಿ."

ಒಂದು ವರ್ಷದ ಮೇಲೆ ಅವಳು ಆ ಬಾಗಿಲು ತಟ್ಟಿದಳು. ತೆಗೆದ ಓರಗಿತ್ತಿಯ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು.

"ಓಹೋ! ದಾರಿ ತಪ್ಪಿ ಬಂದ್ಯಾ, ಕಳ್ಳಿ ಮನೆ ಹೇಗಿರುತ್ತೆ ಅಂತ ನೋಡೋಕೆ ಬಂದ್ಯಾ?"

"ಅಕ್ಕ, ಒಂದು ನಿಮಿಷ—"

"ನಿನ್ನ ಗಂಡ ದಿನಾ ಗೋಡೆಗೆ ಮುಖ ಕೊಟ್ಟು ನನ್ನ ಕೈ ಸೇದಿ ಹೋಗ್ಲಿ ಅಂತಾನೆ. ನೀನು ಪಕ್ಕದಲ್ಲೇ ನಿಂತಿರ್ತೀಯ. ಒಂದು ದಿನ, ಒಂದೇ ಒಂದು ದಿನ, ಸುಮ್ಮನಿರಿ ಅಂದಿದೀಯಾ?"

ಅಂದಿರಲಿಲ್ಲ. ಅವಳು ಹೊಸಿಲು ದಾಟಿದಳು.

ಒಳಗೆ ಮೂರು ತಿಂಗಳ ಹಿಂದೆ ಕಟ್ಟಡದ ಸಾರುವೆಯಿಂದ ಬಿದ್ದ ಭಾವ, ತೊಡೆಯ ತನಕ ಬಿಳಿ ಕಟ್ಟು ಹಾಕಿಸಿಕೊಂಡು ಮಂಚದಲ್ಲಿ ಮಲಗಿದ್ದರು. ಎದುರಿಗೆ ಟೀವಿ ನಡೆಯುತ್ತಿತ್ತು. ಗೋಡೆಗೆ ಒತ್ತಿಕೊಂಡು ಮೋಟಾರು ಹಾಕಿದ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಆಸ್ಪತ್ರೆಯ ಹಸಿರು ನಿಲುವಂಗಿಗಳ ಎರಡು ಮೂಟೆ, ಮೂಲೆಯಲ್ಲಿ ಪಾಲಿಗೆ ಬಂದ ಕುರ್ಚಿಗಳಲ್ಲೊಂದು, ಖಾಲಿ.

"ಅಕ್ಕ, ಮಿಷನ್ ಸ್ವಲ್ಪ ನಿಲ್ಲಿಸ್ತೀರಾ? ಒಂದು ಪರೀಕ್ಷೆ—"

"ನಿಲ್ಲಿಸಲಾ? ಇವರು ಬಿದ್ದ ದಿನದಿಂದ ಇದೇ ನಮಗೆ ಅನ್ನ. ಇದನ್ನ ನಿಲ್ಲಿಸಿದ್ರೆ ಹೊಟ್ಟೆಗೇನು ನಿನ್ನ ಅಕ್ಷರ ತಂದು ಹಾಕ್ತೀಯಾ?"

ಅಷ್ಟರಲ್ಲಿ ಗೋಡೆಯಾಚೆಯಿಂದ ಏಣಿಯಮ್ಮನ ಗಂಟಲು ತೂರಿ ಬಂತು: "ಹೊಲೀರೀ!"

ಓರಗಿತ್ತಿ ಬೆಚ್ಚಿದಳು. "ಯಾರದು?"

"ಹೊಲಿಯೇ," ಎಂದರು ಭಾವ ಮಂಚದಿಂದ. "ಅದೇನೋ ಲೆಕ್ಕ ಹಾಕ್ತಿದಾರೆ. ಹೊಲಿ ಅಂದ್ರೆ ನಿನಗೇನು ನಷ್ಟ?"

ಓರಗಿತ್ತಿ ಕಾಲು ಒತ್ತಿದಳು. ಟರ್‌ರ್‌ರ್‌.

"ಎದ್ದಿತು!" ಗೋಡೆಯಾಚೆಯಿಂದ. "ನಿಲ್ಸೀ!"

ನಿಂತಿತು.

"ಮಲಗಿತು! ಮತ್ತೆ ಹೊಲೀರೀ!"

ನಾಲ್ಕು ಸಲ. ನಾಲ್ಕು ಸಲವೂ ತಪ್ಪಲಿಲ್ಲ. ಓರಗಿತ್ತಿಯ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನಾನೇ ಕಳ್ಳಿ ಅಂತ ಸಾಬೀತಾಯ್ತು, ಅಲ್ವಾ? ಹೋಗು, ಹೇಳು ನಿನ್ನ ಗಂಡನಿಗೆ. ಡಂಗುರ ಹೊಡೀಲಿ."

ಅವಳು ಟೀವಿಯನ್ನು ನೋಡುತ್ತಿದ್ದಳು. ಟೀವಿ, ಇಂಟರ್ನೆಟ್ಟು ಎರಡೂ ಬರುತ್ತಿದ್ದದ್ದು ಒಂದೇ ಕೇಬಲ್ಲಿನಲ್ಲಿ; ಈ ಮನೆಗೆ ಆ ಸಂಪರ್ಕವೇ ಇರಲಿಲ್ಲ. ಹಿಸ್ಸೆಯಲ್ಲಿ ಅದು ತಮ್ಮನ ಪಾಲಿಗೆ ಬಂದಿತ್ತು. ಟೀವಿಯ ಹಿಂದಿನಿಂದ ಹೊರಟ ಕರಿಯ ವೈರು ನೆಲದ ಮೇಲೆ ಹರಿದು, ಹೊಲಿಗೆ ಯಂತ್ರದ ಮೋಟಾರಿಗೆ ಒಂದು ಸುತ್ತು ಹಾಕಿಕೊಂಡ ಹಾಗೆ ಹಾದು, ಗೋಡೆಯ ಬುಡದ ತೂತೊಂದರಲ್ಲಿ ಮಾಯವಾಗಿತ್ತು.

"ಈ ವೈರು ಯಾರು ಕೊಟ್ಟಿದ್ದು, ಅಕ್ಕ?"

ಇಷ್ಟು ಹೊತ್ತು ಬೆಂಕಿ ಕಾರುತ್ತಿದ್ದ ಓರಗಿತ್ತಿ ತಲೆ ತಗ್ಗಿಸಿ ಮೂಟೆಯ ಗಂಟು ಬಿಚ್ಚಲು ಹೋದಳು. ಭಾವ ಸೂರು ನೋಡತೊಡಗಿದರು.

ವಾಪಸು ಬಂದು ಏಣಿಯಮ್ಮನಿಗೆ ಹೇಳಿದಳು. ಏಣಿಯಮ್ಮ ತಲೆಯಾಡಿಸಿದಳು. "ಹೊಲಿಗೆ ಮಿಷನ್ ಮೇಲೆ ತಪ್ಪು ಹೊರಿಸ್ಬೇಡಿ. ಸರಿಯಾದ ಕೇಬಲ್ಲಿಗೆ ಮೈ ಸುತ್ತ ಜಾಲರಿಯ ಕವಚ ಇರುತ್ತೆ, ಪಕ್ಕದಲ್ಲಿ ಹತ್ತು ಮೋಟಾರು ತಿರುಗಿದ್ರೂ ಜಗ್ಗಲ್ಲ. ಎಲ್ಲೋ ಯಾರೋ ಆ ಕವಚ ಹರಿದಿದಾರೆ. ತೂತು ಯಾವ ಜಾಗಕ್ಕೆ ಬರುತ್ತೆ?"

ಅವಳು ಹೆಜ್ಜೆ ಎಣಿಸಿದಳು. ಅತ್ತೆಯ ಮರದ ಬೀರು.

"ಬೀರು ಸರಿಸ್ಬೇಡಿ!" ಅತ್ತೆ ಸೊಪ್ಪಿನ ತಟ್ಟೆ ಕೆಳಗಿಟ್ಟು ಅಡ್ಡ ಬಂದರು. "ಅದರ ಕಾಲು ಹಳೇದು. ಮುರಿದ್ರೆ ನೀನು ತಂದ್ಕೊಡ್ತೀಯಾ?"

"ತಂದ್ಕೊಡ್ತೀನಿ," ಎಂದಳು ಸೊಸೆ. ಏಣಿಯಮ್ಮ ಒಂದು ಕಡೆ, ಅವಳೊಂದು ಕಡೆ ಹಿಡಿದರು. ಬೀರು ನರಳುತ್ತ ಸರಿಯಿತು.

ಕಿಟಕಿಯಿಂದ ಬಂದ ಕೇಬಲ್ಲು ಅಲ್ಲಿ, ಮೊಣಕಾಲೆತ್ತರದಲ್ಲಿ, ಮೊಟ್ಟೆ ನುಂಗಿದ ಹಾವಿನ ಹಾಗೆ ಉಬ್ಬಿತ್ತು. ಕರಿಯ ಟೇಪಿನ ಗಂಟು. ಗಂಟಿನಿಂದ ಒಂದು ಬಾಲ ಡಬ್ಬಿಯ ಕಡೆಗೆ, ಇನ್ನೊಂದು ಗೋಡೆಯ ತೂತಿನೊಳಕ್ಕೆ.

ಏಣಿಯಮ್ಮ ಬ್ಲೇಡಿನಿಂದ ಟೇಪನ್ನು ನಿಧಾನವಾಗಿ ಸುಲಿದಳು. ಕೆಳಗೆ ಇನ್ನೊಂದು ಪದರ — ಗಾಯಕ್ಕೆ ಹಾಕುವ ಬಟ್ಟೆ ಪ್ಲಾಸ್ಟರು. ಅದರ ಕೆಳಗೆ, ಜಾಲರಿಯನ್ನೆಲ್ಲ ಕೆರೆದು ಬಿಸಾಡಿ, ಹೂವಿನ ದಾರದ ಹಾಗೆ ಹೊಸೆದು ಸೇರಿಸಿದ ತಾಮ್ರದ ಎಳೆಗಳು.

"ಇದು ಒಬ್ಬರ ಕೆಲಸ ಅಲ್ಲ," ಎಂದಳು ಏಣಿಯಮ್ಮ. "ಒಳಗಿನ ಗಂಟಿಗೆ ಒಂದು ಕೈ, ಮೇಲಿನ ಸುತ್ತಿಗೆ ಇನ್ನೊಂದು ಕೈ. ಒಳಗೆ ಹೊಸೆದೋರಿಗೆ ಕೇಬಲ್ ಅಂದ್ರೆ ಏನು ಅಂತ ಗೊತ್ತಿಲ್ಲ. ಮೇಲೆ ಸುತ್ತಿದೋರಿಗೆ ಚೆನ್ನಾಗಿ ಗೊತ್ತು. ಇಲ್ನೋಡಿ, ಪ್ಲಾಸ್ಟರನ್ನ ಒಂದು ಕಡೆ ಸೀಳಿ, ಒಳಗೆ ನೋಡಿ, ಮತ್ತೆ ಮಡಚಿದಾರೆ. ಮೇಲೆ ಟೇಪು, ಅರ್ಧರ್ಧ ಸುತ್ತು ಒಂದರ ಮೇಲೊಂದು, ಪಳಗಿದ ಕೈ. ಇದು ಸರಿಯಲ್ಲ ಅಂತ ಗೊತ್ತಿದ್ದೂ ಸರಿ ಮಾಡ್ಲಿಲ್ಲ. ಹಾಗೇ ಬಿಟ್ಟಿದ್ರೆ ಒಂದು ವಾರಕ್ಕೆ ಪೂರ್ತಿ ಕಳಚಿ ಬೀಳ್ತಿತ್ತು, ಮೊದಲು ಬಂದ ಕತ್ತೆಗೇ ಸಿಕ್ತಿತ್ತು. ಇವರು ಸಾಯೋಕೂ ಬಿಡ್ದೆ ಬದುಕೋಕೂ ಬಿಡ್ದೆ ಇಟ್ಟಿದಾರೆ."

ಏಣಿಯಮ್ಮ, ವೈರಿನ ತುದಿಗೆ ತಿರುಪಿ ಬಿಗಿಯುವ ಕನೆಕ್ಟರ್ ತರಲು ಗಾಡಿಯತ್ತ ಹೋದಳು. ಸರಿಸಿದ ಬೀರುವಿನ ಪಕ್ಕ ಅತ್ತೆ, ಸೊಸೆ ಇಬ್ಬರೇ ಉಳಿದರು.

"ಕತ್ತರಿಸಿದ್ದು ನೀವು," ಎಂದಳು ಸೊಸೆ.

"ನಾಲಿಗೆ ಬಿಗಿ ಹಿಡಿದು ಮಾತಾಡು."

"ನಿಮ್ಮ ಹಿಮ್ಮಡಿಯ ಬಿರುಕಿಗೆ ಹಾಕ್ಕೊಂಡಿದೀರಲ್ಲ, ಇದು ಅದೇ ಪ್ಲಾಸ್ಟರು. ಎರಡನೇ ಬೀದೀಲಿ ಹಾಲಿನ ಗಾಡಿ ಹೊರಟ್ರೆ ನಿಮಗೆ ಇಲ್ಲಿ ಕೇಳಿಸುತ್ತೆ. ಗೋಡೆಗಂಟಿದ ಮಿಷನ್ ಮಾತ್ರ ಕೇಳಿಸ್ಲಿಲ್ಲ. ಭಾವ ಸಾರುವೆಯಿಂದ ಬಿದ್ದಿದ್ದು ಯಾವಾಗ? ನನ್ನ ಕ್ಯಾಲೆಂಡರಿನ ಲೆಕ್ಕ ಶುರುವಾಗಿದ್ದೂ ಅದರ ಮುಂದಿನ ವಾರವೇ. ಅತ್ತೆ, ಒಂದಾಗಿದ್ದದ್ದನ್ನ ಸಮನಾಗಿ ಎರಡು ಮಾಡೋರು ಈ ಮನೇಲಿ ನೀವೊಬ್ರೇ. ಕಂಬಳಿಗೆ ಕತ್ತರಿ. ಇದಕ್ಕೇನು ಹಿಡಿದ್ರಿ?"

ಅತ್ತೆ ಬೀರುವಿಗೆ ಒರಗಿದರು. ಆಮೇಲೆ ಗದ್ದ ಎತ್ತಿದರು.

"ಈರುಳ್ಳಿ ಹೆಚ್ಚೋ ಚಾಕು. ಹೌದು ಕಣೇ, ನಾನೇ. ಹೆತ್ತ ಮಗ ಕಾಲು ಮುರ್ಕೊಂಡು ಸೂರಿನ ಜಂತೆ ಎಣಿಸ್ತಾ ಬಿದ್ದಿದಾನೆ. ನಾನು ಹೋಗಿ ತಲೆ ನೇವರಿಸೋ ಹಾಗಿಲ್ಲ. ಒಂದು ಟೀವಿನಾದ್ರೂ ನೋಡ್ಲಿ ಅಂತ ತೂತಲ್ಲಿ ವೈರು ತಳ್ಳಿದೆ. ಕಳ್ಳತನ ಅಂತೀಯಾ? ಅನ್ನು. ಇಷ್ಟು ದಪ್ಪದ ವೈರಲ್ಲಿ ಇಬ್ಬರಿಗೆ ಆಗುವಷ್ಟು ಇರಲ್ಲ ಅಂತ ನಂಗೇನು ಗೊತ್ತು?"

"ನೀವೇ ಕೊಟ್ಟು, ಅಕ್ಕನ್ನ ಕಳ್ಳಿ ಅಂದ್ರಿ."

"ಅನ್ನದಿದ್ರೆ ನನ್ನ ಮೇಲೆ ಬರ್ತಿತ್ತು." ನಾಚಿಕೆಯಿಲ್ಲದೆ ಹೇಳಿದರು. "ಅವಳು ಬೈಸ್ಕೊಂಡು ಗಟ್ಟಿಯಾಗಿದಾಳೆ."

ಸೊಸೆ ನೆಲದ ಮೇಲೆ ಬಿದ್ದಿದ್ದ ಕರಿಯ ಟೇಪಿನ ಸುರುಳಿಯನ್ನು ಎತ್ತಿಕೊಂಡಳು.

"ಇದು?"

"ಅದು ನಂದಲ್ಲ."

"ಗೊತ್ತು. ಈ ಟೇಪು ಎಲ್ಲಿಂದ ಬಂತು ಅಂತಾನೂ ಗೊತ್ತು. ಈ ಮನೇಲಿ ಅರ್ಧರ್ಧ ಸುತ್ತು ಸುತ್ತೋರು ಒಬ್ರೇ. ನಂಗೆ ನಿಮ್ಮ ಬಾಯಿಂದ ಕೇಳ್ಬೇಕು."

ಅತ್ತೆ ಕೆಳಗಿಟ್ಟಿದ್ದ ಸೊಪ್ಪಿನ ತಟ್ಟೆಯನ್ನು ಮತ್ತೆ ಎತ್ತಿಕೊಂಡರು. ಹೊರಗೆ ಏಣಿಯಮ್ಮ ಗಾಡಿಯ ಡಿಕ್ಕಿಯನ್ನು ದಡಾರೆಂದು ಮುಚ್ಚಿದ್ದು ಕೇಳಿಸಿತು.

"ಎರಡು ತಿಂಗಳಾಯ್ತು," ಎಂದರು ಕೊನೆಗೆ, ದನಿ ತಗ್ಗಿಸಿ. "ನೀನು ನಿಲ್ತಿದೆ, ನಿಲ್ತಿದೆ ಅಂತ ಗೋಳಾಡ್ತಿದ್ದೆ. ನಂಗೆ ಭಯ ಆಯ್ತು. ಹೀಗೆ ಮಾಡ್ಬಿಟ್ಟಿದೀನಿ, ಸರಿ ಮಾಡಪ್ಪ ಅಂತ ನಾನೇ ನಿನ್ನ ಗಂಡಂಗೆ ಹೇಳ್ದೆ. ಬೀರು ಸರಿಸಿ ನೋಡ್ದ. ಕೊಂದೇಬಿಡ್ತಾನೆ ಅಂದ್ಕೊಂಡಿದ್ದೆ. 'ಇರ್ಲಿ ಬಿಡಮ್ಮ, ಅಣ್ಣ ನೋಡ್ಕೊಳ್ಲಿ' ಅಂದ. ನಂಗೆ ಕಣ್ಣಲ್ಲಿ ನೀರು ಬಂತು ಕಣೇ. ಅಣ್ಣತಮ್ಮ ಮತ್ತೆ ಒಂದಾಗ್ತಾರೆ ಅಂದ್ಕೊಂಡೆ."

"ಅಷ್ಟೇ ಅಂದ್ರಾ?"

ಅತ್ತೆ ತಟ್ಟೆಯಲ್ಲಿದ್ದ ಸೊಪ್ಪನ್ನು ಕೆದಕಿದರು.

"ಅತ್ತೆ."

"'ಇವಳ ಕೆಲಸ ತಾನಾಗೇ ಬಿಟ್ಟು ಹೋಗುತ್ತೆ. ಬಿಡಿಸಿದೋನು ಅಂತ ನಾನು ಕೆಟ್ಟೋನಾಗೋದು ತಪ್ಪುತ್ತೆ' ಅಂದ."

ಸೊಸೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೈಯೆಲ್ಲ ತಣ್ಣಗಾದಂಥ ಒಂದು ತಿಳಿವಳಿಕೆ. ಗಂಡ ಯಾವಾಗಲೂ ಸಂಜೆಯೇ ಮೊಬೈಲು ತೆಗೆಯುತ್ತಿದ್ದ. ಹೊಲಿಗೆ ನಿಂತ ಮೇಲೆ. ಬರುವ ದಾರಿಯ ಅಂಕಿಯನ್ನು ಮಾತ್ರ ತೋರಿಸುತ್ತಿದ್ದ. ಗೋಡೆಗೆ ಮುಖ ಕೊಟ್ಟು ಶಾಪ ಹಾಕುತ್ತಿದ್ದನಲ್ಲ, ಅದೂ ಓರಗಿತ್ತಿಯ ಕಿವಿಗಲ್ಲ, ಇವಳ ಕಿವಿಗೆ ಬೀಳಲಿ ಎಂದೇ. ಎರಡು ತಿಂಗಳು, ಅವಳು ಗೆಳತಿಯ ಕಂಪ್ಯೂಟರು ಹೊತ್ತು ತಂದಾಗ, ಪಾಸ್‌ವರ್ಡು ಬದಲಿಸಿದಾಗ, ನೆಲದ ಮೇಲೆ ಕೂತು ವೈರು ತಡಕಿದಾಗ, ಅವನು ಪಕ್ಕದಲ್ಲಿ ಊಟ ಮಾಡುತ್ತ ನೋಡುತ್ತಿದ್ದ. ಉಪ್ಪು ಕೇಳಿದ್ದ, ನೀರು ಕೇಳಿದ್ದ.

"ನಾನು ಹೇಳ್ದೆ ಅಂತ ಅವನಿಗೆ ಹೇಳ್ಬೇಡ," ಎಂದರು ಅತ್ತೆ. ಬೇಡಿಕೆಯೋ ಬೆದರಿಕೆಯೋ ತಿಳಿಯದ ದನಿ. "ಹೇಳಿದ್ರೆ ನನ್ನನ್ನ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಮಾಡ್ತಾನೆ. ನಿನ್ನ ಸಂಸಾರಾನೂ ಉಳಿಯಲ್ಲ, ನೋಡ್ಕೋ."

ಏಣಿಯಮ್ಮ ಬಂದಳು. ಗಂಟನ್ನು ಕತ್ತರಿಸಿ ತೆಗೆದು, ಎರಡು ತುದಿಗೂ ಕನೆಕ್ಟರ್ ಹಾಕಿ ಬಿಗಿದಳು. ಗೋಡೆಯೊಳಗೆ ಹೋಗುವ ಬಾಲ ಉಳಿಯಿತು.

"ಇದನ್ನ ಕತ್ತರಿಸ್ಬೇಕು. ಎರಡು ಬಾಗಿಲು ಅಂದ್ರೆ ಎರಡು ಲೈನು, ಕಂಪನಿ ನಿಯಮ. ಬೇಕಾದೋರು ತಮ್ಮ ಹೆಸರಲ್ಲಿ ಅರ್ಜಿ ಕೊಟ್ರೆ ಮಾರನೇ ದಿನ ಬೆಳಿಗ್ಗೇನೇ ಕಂಬದಿಂದ ನೇರ ಎಳೀತೀನಿ."

ಕತ್ತರಿ ಕಚಕ್ಕೆಂದಿತು. ಗೋಡೆಯಾಚೆ ನಡೆಯುತ್ತಿದ್ದ ಟೀವಿಯ ದನಿ ಅರ್ಧಕ್ಕೇ ನಿಂತಿತು. ಆಮೇಲೆ ಓರಗಿತ್ತಿಯ ಗಂಟಲು: "ತೃಪ್ತಿ ಆಯ್ತೇನೇ? ಹಾಲು ಕುಡಿದಷ್ಟು ಸಂತೋಷ ಆಯ್ತಾ?"

ಅದರ ಬೆನ್ನಿಗೇ ಹೊಲಿಗೆ ಯಂತ್ರ ಹಠಕ್ಕೆ ಬಿದ್ದ ಹಾಗೆ ಓಡತೊಡಗಿತು. ಮೀಟರಿನ ಗೆರೆ ಮಲಗಿಯೇ ಇತ್ತು.

ಬಾಗಿಲಲ್ಲಿ ಏಣಿಯಮ್ಮ ವರದಿಯ ಹಾಳೆ ತೆಗೆದಳು. "ಯಾರು ಮಾಡಿದ್ದು ಅಂತ ಬರೀಲಿ? ಒಂದು ಖಾನೆ ಇದೆ."

"ಇಲಿ ಅಂತ ಬರೀರಿ."

"ಟೇಪು ಸುತ್ತೋ ಇಲಿನಾ?"

"ಓದಿದ ಇಲಿ."

ಏಣಿಯಮ್ಮ ಬಂದಾಗಿನಿಂದ ಮೊದಲ ಸಲ ನಕ್ಕಳು. ಬರೆದುಕೊಂಡಳು. ಮತ್ತೆ ಅವಳ ಮುಖವನ್ನೊಮ್ಮೆ ನೋಡಿ, ಹಾಳೆಯ ಅಂಚನ್ನು ಹರಿದು ಅದರ ಮೇಲೆ ತನ್ನ ನಂಬರು ಗೀಚಿ ಕೊಟ್ಟಳು. "ನಾನು ಹಾಕಿದ ಕನೆಕ್ಟರ್ ತಾನಾಗೇ ಸಡಿಲ ಆಗಲ್ಲ. ಆದ್ರೆ ಫೋನ್ ಮಾಡಿ."

ಸಂಜೆ ಗಂಡ ಬಂದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಕಂಪನಿಯವರು ಬಂದಿದ್ರಂತೆ? ಬೀದಿ ತುದೀಲೇ ಸುದ್ದಿ ಸಿಕ್ತು. ಹೆಂಗಸಂತೆ, ಏಣಿ ಹೊತ್ಕೊಂಡು."

"ಬಂದಿದ್ರು."

"ಏನಂದ್ಲು?"

"ಇಲಿ ಕಡಿದಿತ್ತಂತೆ. ಸರಿ ಮಾಡಿದ್ರು."

ಅವನ ಕಣ್ಣು ಬೀರುವಿನ ಕಡೆ ಹೋಯಿತು. ಅಲ್ಲಿಂದ ತಾಯಿಯ ಕಡೆ. ಅಲ್ಲಿಂದ ಅವಳ ಕಡೆ. ಅತ್ತೆ ಸೌಟು ಆಡಿಸುತ್ತಲೇ ಇದ್ದರು. ಅವಳು ಅಂಗಿಯ ತೋಳನ್ನು ಹಿಂದಕ್ಕೆ ಮಡಚಿ, ಮೇಲೆ ಕೈಯಾಡಿಸಿದಳು.

"ಇಲಿ," ಎಂದ ಅವನು, ರುಚಿ ನೋಡುವವನ ಹಾಗೆ. ಮುಖ ಸಡಿಲವಾಯಿತು. "ಹಳೇ ಮನೆ. ಇಲಿಗೇನು ಬರ. ಒಂದು ಸಲ ಕಡಿದ ಜಾಗಕ್ಕೆ ಮತ್ತೆ ಬರುತ್ತೆ, ನೋಡ್ತಿರು."

"ಬರಬಹುದು," ಎಂದಳು.

ಮತ್ತೊಂದು ಬಟ್ಟೆ ಎತ್ತಿಕೊಂಡಳು. ಬಿಗಿದದ್ದನ್ನು ಸಡಿಲಿಸಲು ಅವನಿಗೆ ಎರಡು ನಿಮಿಷ ಸಾಕು. ಕಾಲು ಸುತ್ತು. ಹೊರಗಿನಿಂದ ನೋಡಿದರೆ ಕಾಣುವುದೂ ಇಲ್ಲ. ಶುಕ್ರವಾರ ಹನ್ನೊಂದಕ್ಕೆ ಆ ಹುಡುಗಿ ಪರದೆಯ ಮುಂದೆ ಕೂತಿರುತ್ತಾಳೆ. ಅಳುವುದು, ಕೂಗಾಡುವುದು, ಟೇಪನ್ನು ಅವನ ಮುಖಕ್ಕೆ ಎಸೆಯುವುದು, ಯಾವುದಕ್ಕೂ ಶುಕ್ರವಾರ ಕಾಯುವುದಿಲ್ಲ.

ನಾಳೆ ಬೆಳಿಗ್ಗೆ ಏಣಿಯಮ್ಮನ ನಂಬರಿಗೆ ಫೋನು. ಅರ್ಜಿ ತನ್ನ ಹೆಸರಲ್ಲಿ, ವಿಳಾಸ ಓರಗಿತ್ತಿಯ ಬಾಗಿಲಿನದು. ಅದಕ್ಕೂ ಮುಂಚೆ, ಒಂಬತ್ತೂ ಐದಕ್ಕೆ, ಆ ಬಾಗಿಲು ತಟ್ಟಬೇಕು. ಓರಗಿತ್ತಿ ಬೈಯುತ್ತಾಳೆ. ಒಂದು ವರ್ಷದ ಬಾಕಿ ಇದೆ, ಮಧ್ಯೆ ಬಾಯಿ ಹಾಕದೆ ಪೂರ್ತಿ ಬೈಸಿಕೊಳ್ಳಬೇಕು. ಬೈದು ಸುಸ್ತಾದ ಮೇಲೆ ಹೇಳಬೇಕು: ಭಾವನ ಟೀವಿಗೂ ಅದೇ ಲೈನು ಸಾಕು, ನನಗೆ ಮಿಷನ್ ಪಕ್ಕ ಒಂದು ಮೊಳ ಜಾಗ ಸಾಕು. ಬಟ್ಟೆ ಒಯ್ಯಬೇಕೋ ಬೇಡವೋ ಎಂಬುದನ್ನು ಶುಕ್ರವಾರ ಕಳೆದ ಮೇಲೆ ನೋಡಿಕೊಂಡರಾಯಿತು. ಕಂಪ್ಯೂಟರು, ಇಯರ್‌ಫೋನು ಸಾಕು. ಕುರ್ಚಿ ಬೇಡ, ಅಲ್ಲಿ ಒಂದು ಖಾಲಿ ಇದೆ.

"ಏನು ಅಷ್ಟು ಯೋಚ್ನೆ?" ಗಂಡ ಕೇಳಿದ.

"ಏನಿಲ್ಲ. ನಾಳೆ ನೀವು ಹೊರಡೋದು ಒಂಬತ್ತಕ್ಕೇನಾ?"

"ದಿನಾ ಅಷ್ಟೇ ಅಲ್ವಾ? ಯಾಕೆ?"

"ತಿಂಡಿ ಹೊತ್ತಿಗಾಗ್ಬೇಕಲ್ಲ, ಅದಕ್ಕೆ," ಎಂದು ಮಡಚಿದ ಅಂಗಿಯನ್ನು ಅವನ ಕೈಗೆ ಕೊಟ್ಟಳು.